ಹುಟ್ಟಿನ ಲೆಕ್ಕ ಮತ್ತು ಹುಚ್ಚಿನ ಮಾತ್ರೆ

ಹುಟ್ಟಿನ ಲೆಕ್ಕ ಹಾಕುವವರನ್ನು ಕಂಡರೆ ನಮಗೆ ಮೊದಲಿನಿಂದಲೂ ಅನುಮಾನ. ಕೇರಿ ಯಾವ ದಿಕ್ಕಿಗಿರಬೇಕು, ನೀರು ಯಾವ ಬಾವಿಯದು, ಹೋಟೆಲಿನ ಲೋಟ ಯಾವುದು, ಕಸುಬು ಯಾವುದು ಅಂತ ಹುಟ್ಟನ್ನು ನೋಡಿಯೇ ತೀರ್ಮಾನ ಮಾಡಿದ ದೇಶ ಇದು. ಈಗ ಇನ್ನೊಂದು ಹುಟ್ಟಿನ ಲೆಕ್ಕ ಬಿಳಿ ಕೋಟು ಹಾಕಿಕೊಂಡು ಬಂದಿದೆ. ಒಂದಿಷ್ಟು ಎಂಜಲು ಇಲ್ಲವೇ ಸ್ವಲ್ಪ ರಕ್ತ ಕೊಡಿ, ನಿಮ್ಮ ಜೀನು ಓದಿ, ನಿಮ್ಮ ಮನಸ್ಸಿನ ಕಾಯಿಲೆಗೆ ಯಾವ ಮಾತ್ರೆ ಹಿಡಿಯುತ್ತೆ, ಯಾವುದು ಹಿಡಿಯೋಲ್ಲ ಅಂತ ಹೇಳಿಬಿಡ್ತೀವಿ ಎಂದು ಪಟ್ಟಣದ ಖಾಸಗಿ ಪ್ರಯೋಗಾಲಯಗಳು ಕರೆಯುತ್ತಿವೆ. ಬೆಲೆ ಹಲವು ಸಾವಿರ ರೂಪಾಯಿ.

ಈ ಬಗ್ಗೆ ನಮ್ಮ ಗೆಳೆಯರಲ್ಲಿ ಎರಡು ಥರದ ಮಾತು ಕೇಳಿಬರುತ್ತವೆ. ಇದು ಹಣೆಬರಹದ ಹೊಸ ಅವತಾರ, ಜಾತಕದ ಜಾಗಕ್ಕೆ ಜೀನು ಬಂತು ಅಷ್ಟೆ, ದೂರ ಇಡಿ ಅನ್ನೋದು ಒಂದು. ಇದು ವಿಜ್ಞಾನ, ವೈಚಾರಿಕರಾದ ನಾವು ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಕು ಅನ್ನೋದು ಇನ್ನೊಂದು. ಎರಡೂ ಸೋಮಾರಿ ಮಾತು. ಕಣ್ಣು ಮುಚ್ಚಿ ಒಪ್ಪೋದು ವೈಚಾರಿಕತೆ ಅಲ್ಲ. ಹೆಸರು ಕೇಳಿಯೇ ಒದೆಯೋದೂ ಅಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಪರೀಕ್ಷೆ? ಯಾರಿಗೆ? ಯಾರ ದುಡ್ಡಲ್ಲಿ? ಫಲಿತಾಂಶ ಬಂದ ಮೇಲೆ ಏನು?

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಪರೀಕ್ಷೆಗಳಲ್ಲಿ ಪ್ರಾಣ ಉಳಿಸುವಂಥವು ಕೆಲವು ಇವೆ. ಅವು ಬಡವನ ಹಕ್ಕಾಗಬೇಕು, ಪುಕ್ಕಟೆ ಸಿಗಬೇಕು. ಆಸೆ ಮಾರುವಂಥವೂ ಇವೆ. ಅವಕ್ಕೆ ಸಾಲ ಮಾಡಿ ದುಡ್ಡು ಸುರಿಯಬಾರದು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ಮಾರುವುದೇ ವ್ಯಾಪಾರಿಯ ಹುನ್ನಾರ. ಚೀಲ ಬಿಚ್ಚಿ ಕಾಳು ಬೇರೆ, ಜೊಳ್ಳು ಬೇರೆ ಮಾಡುವುದು ವಿಮರ್ಶೆಯ ಕೆಲಸ.

1

ಮೊದಲು ಕಾಳು ನೋಡೋಣ. ನುಂಗಿದ ಮಾತ್ರೆಯನ್ನು ಮುರಿದು ಹೊರಹಾಕುವ ಕೆಲಸ ಬಹುಪಾಲು ಯಕೃತ್ತಿನದು. ಅಲ್ಲಿ ಕಿಣ್ವಗಳೆಂಬ ಕೆಲಸಗಾರರಿದ್ದಾರೆ. ಒಂದೊಂದು ಕಿಣ್ವವನ್ನು ಕಟ್ಟುವ ಸೂಚನೆ ಒಂದೊಂದು ಜೀನಿನಲ್ಲಿರುತ್ತದೆ. ಆ ಸೂಚನೆ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರಲ್ಲಿ ಕಿಣ್ವ ನಿಧಾನ, ಮಾತ್ರೆ ಮೈಯಲ್ಲೇ ಶೇಖರವಾಗಿ ವಿಷವಾಗುತ್ತದೆ. ಕೆಲವರಲ್ಲಿ ಅತಿ ಚುರುಕು, ಮಾತ್ರೆ ಕೆಲಸ ಶುರುಮಾಡುವ ಮೊದಲೇ ಖಾಲಿ.

1975ರಲ್ಲಿ ಲಂಡನ್ನಿನ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ ಡೆಬ್ರಿಸೊಕ್ವಿನ್ ಎಂಬ ರಕ್ತದೊತ್ತಡದ ಔಷಧವನ್ನು ತನ್ನ ಸಹೋದ್ಯೋಗಿಗಳ ಜತೆ ತಾನೂ ತೆಗೆದುಕೊಂಡ. ಉಳಿದವರಿಗೆ ಏನೂ ಆಗಲಿಲ್ಲ. ಸ್ಮಿತ್ ಮಾತ್ರ ರಕ್ತದೊತ್ತಡ ಕುಸಿದು ಬಿದ್ದ. ಆ ಔಷಧವನ್ನು ಮುರಿಯುವ ಕಿಣ್ವ ಅವನಲ್ಲಿ ಕೆಲಸ ಮಾಡುತ್ತಿರಲಿಲ್ಲ ಅನ್ನೋದು ಆಮೇಲೆ ತಿಳಿಯಿತು. 1977ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಆ ಕಿಣ್ವಕ್ಕೆ ಈಗ ಸಿವೈಪಿ2ಡಿ6 ಅಂತ ಹೆಸರು. ಮನೋರೋಗದ ಎಷ್ಟೋ ಮಾತ್ರೆಗಳು ಇದರ ಕೈಯಲ್ಲೇ ಹಾದುಹೋಗಬೇಕು. ಇನ್ನೊಂದು ಸಿವೈಪಿ2ಸಿ19. ಇದು ನಿಧಾನವಾಗಿರುವವರು ಯುರೋಪಿಗಿಂತ ನಮ್ಮ ಭಾಗದಲ್ಲಿ ಹೆಚ್ಚು.

ಇದರಿಂದ ವೈದ್ಯನಿಗೆ ಸಿಗುವ ಉಪಯೋಗ ಏನು? ಅಮಿಟ್ರಿಪ್ಟಿಲಿನ್ ಅಂತ ಒಂದು ಹಳೇ ಮಾತ್ರೆ ಇದೆ. ಅಗ್ಗದ ಮಾತ್ರೆ. ಸಿವೈಪಿ2ಡಿ6 ಕೆಲಸ ಮಾಡದವರಿಗೆ ಅದನ್ನು ಕೊಡಬೇಡಿ, ಕೊಡಲೇಬೇಕಾದರೆ ಅರ್ಧದಿಂದ ಶುರುಮಾಡಿ ಎಂದು ಈ ವಿಷಯದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಎಸ್ಸಿಟಾಲೊಪ್ರಾಮ್‌ಗೆ ಸಿವೈಪಿ2ಸಿ19 ಲೆಕ್ಕದ ಸೂಚನೆ ಇದೆ. ಇದು ಸುಳ್ಳಲ್ಲ, ಗಟ್ಟಿ ವಿಜ್ಞಾನವೇ. ಆದರೆ ಗಮನಿಸಿ: ಇದು ಹೇಳೋದು ಮಾತ್ರೆ ಮೈಯಲ್ಲಿ ಎಷ್ಟು ಹೊತ್ತು, ಎಷ್ಟು ಪ್ರಮಾಣ ಉಳಿಯುತ್ತೆ ಅಂತ. ಆ ಮಾತ್ರೆಯಿಂದ ನಿಮ್ಮ ದುಃಖ ಹೋಗುತ್ತೋ ಇಲ್ಲವೋ ಅಂತ ಇದು ಹೇಳೋದಿಲ್ಲ. ಈ ವ್ಯತ್ಯಾಸವನ್ನೇ ವ್ಯಾಪಾರಿಗಳು ಮರೆಮಾಚುತ್ತಾರೆ.

2

ಎಲ್ಲಕ್ಕಿಂತ ಗಟ್ಟಿ ಕಾಳು ಕಾರ್ಬಮಜೆಪಿನ್‌ನದು. ಮೂರ್ಛೆರೋಗಕ್ಕೂ, ಉನ್ಮಾದ-ಖಿನ್ನತೆ ಒಂದಾದ ಮೇಲೊಂದು ಬರುವ ಕಾಯಿಲೆಗೂ ಕೊಡುವ ಮಾತ್ರೆ ಇದು. ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಲಕ್ಷಾಂತರ ಜನಕ್ಕೆ ಒಳ್ಳೆಯದು ಮಾಡಿದೆ. ಆದರೆ ಕೆಲವರಿಗೆ ಇದು ಸ್ಟೀವನ್ಸ್-ಜಾನ್ಸನ್ ಎಂಬ ಭಯಂಕರ ಪ್ರತಿಕ್ರಿಯೆ ತರುತ್ತದೆ. ಮೊದಲು ಜ್ವರ, ಗಂಟಲು ನೋವು, ಕಣ್ಣುರಿ. ಆಮೇಲೆ ಮೈಮೇಲೆ ಕಲೆ, ಬಾಯಲ್ಲಿ ಹುಣ್ಣು, ಬೊಬ್ಬೆ. ಕೊನೆಗೆ ಸುಟ್ಟಗಾಯದ ಹಾಗೆ ಚರ್ಮವೇ ಸುಲಿದುಬರುತ್ತದೆ. ಇದು ವಿಕೋಪಕ್ಕೆ ಹೋದ ರೂಪದಲ್ಲಿ ನೂರಕ್ಕೆ ಸುಮಾರು 30 ಜನ ಸಾಯುತ್ತಾರೆ. ಬದುಕಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಾರೆ.

2004ರಲ್ಲಿ ತೈವಾನಿನ ವಿಜ್ಞಾನಿಗಳು ಇದರ ಗುಟ್ಟು ಬಯಲು ಮಾಡಿದರು. ಕಾರ್ಬಮಜೆಪಿನ್‌ನಿಂದ ಹೀಗಾದ 44 ರೋಗಿಗಳನ್ನು ಪರೀಕ್ಷಿಸಿದರೆ 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಜೀನಿನ ರೂಪ ಇತ್ತು. ಅದೇ ಮಾತ್ರೆ ತಿಂದು ಏನೂ ಆಗದವರಲ್ಲಿ ಇದು ನೂರಕ್ಕೆ 3 ಮಂದಿಯಲ್ಲಿ ಮಾತ್ರ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಏಷ್ಯಾ ಮೂಲದವರಿಗೆ ಈ ಮಾತ್ರೆ ಕೊಡುವ ಮುಂಚೆ ಈ ಪರೀಕ್ಷೆ ಮಾಡಿ ಎಂದು ಎಚ್ಚರಿಕೆ ಹಾಕಿಸಿತು. 2009ರಲ್ಲಿ ಭಾರತದಲ್ಲೇ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಇದೇ ಪ್ರತಿಕ್ರಿಯೆಗೆ ತುತ್ತಾದ 8 ಜನರಲ್ಲಿ 6 ಜನಕ್ಕೆ ಈ ಜೀನು ಇದ್ದದ್ದು ಕಂಡುಬಂತು. 2011ರಲ್ಲಿ ತೈವಾನಿನ 23 ಆಸ್ಪತ್ರೆಗಳಲ್ಲಿ 4,877 ಜನರಿಗೆ ಮೊದಲೇ ಪರೀಕ್ಷೆ ಮಾಡಿ, ಜೀನು ಇದ್ದವರಿಗೆ ಈ ಮಾತ್ರೆ ತಪ್ಪಿಸಿದರು. ಪರೀಕ್ಷೆಯೇ ಇಲ್ಲದಿದ್ದರೆ ಹತ್ತು ಜನಕ್ಕಾದರೂ ಈ ಗತಿ ಬರುತ್ತಿತ್ತು ಅಂತ ಅಂದಾಜು. ಒಬ್ಬರಿಗೂ ಬರಲಿಲ್ಲ.

ಸಿಂಗಪುರ 2013ರಲ್ಲಿ ಈ ಪರೀಕ್ಷೆಯನ್ನು ಸರಿಯಾದ ಚಿಕಿತ್ಸೆಯ ಭಾಗ ಅಂತ ಘೋಷಿಸಿ, ಸರ್ಕಾರಿ ಆಸ್ಪತ್ರೆಗೆ ಬರುವವರಿಗೆ ಸಹಾಯಧನ ಕೊಟ್ಟಿತು. ತೈಲ್ಯಾಂಡ್ ಸಾರ್ವತ್ರಿಕ ಆರೋಗ್ಯ ಯೋಜನೆಗೇ ಇದನ್ನು ಸೇರಿಸಿಕೊಂಡಿತು. ಒಂದೇ ಸಲ ಮಾಡುವ ಪರೀಕ್ಷೆ. ಜೀವಮಾನಕ್ಕೆಲ್ಲ ಅದೇ ಉತ್ತರ. ಭಾರತದಲ್ಲಿ ಈ ಜೀನು ಗುಂಪಿನಿಂದ ಗುಂಪಿಗೆ ಹೆಚ್ಚು ಕಡಿಮೆ ಇದೆ, ತೈಲ್ಯಾಂಡಿನಷ್ಟು ಹೆಚ್ಚಿಲ್ಲ. ಆದರೂ ಇದೆ.

ನಮ್ಮ ಹಳ್ಳಿಗಳಲ್ಲಿ ಈ ಪ್ರತಿಕ್ರಿಯೆ ಆದರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಜ್ವರ ಬಂದು ಮೈಮೇಲೆ ಎದ್ದರೆ 'ಅಮ್ಮ ಆಗಿದೆ' ಅಂದುಕೊಳ್ಳೋದು ಸುಲಭ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಮಾತ್ರೆಯನ್ನೂ ಮುಂದುವರಿಸಿದರೆ ಜೀವ ಹೋದ ಹಾಗೇ. ಆದ್ದರಿಂದ ಹಳ್ಳಿಯ ಮೇಷ್ಟರುಗಳಿಗೆ, ಸಂಘದ ಹುಡುಗರಿಗೆ ನಾವು ಹೇಳುವ ಮಾತಿದು: ಕಾರ್ಬಮಜೆಪಿನ್ ಶುರುಮಾಡಿದ ಮೊದಲ ಎರಡು ಮೂರು ತಿಂಗಳಲ್ಲಿ ಜ್ವರ, ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ಕಲೆ ಕಂಡರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಿಸಿ. ಮಾತ್ರೆಯ ಚೀಟಿ ಜತೆಗಿರಲಿ. ಪರೀಕ್ಷೆಯಲ್ಲಿ 'ಜೀನು ಇಲ್ಲ' ಅಂತ ಬಂದವರಿಗೂ ಈ ಎಚ್ಚರ ಬೇಕು. ಯಾಕಂದ್ರೆ ಈ ಒಂದು ಜೀನು ಇಲ್ಲ ಅಂದಮಾತ್ರಕ್ಕೆ ಅಪಾಯವೇ ಇಲ್ಲ ಅಂತಲ್ಲ. ಹಾಗೆಯೇ ಜೀನು ಇದ್ದವರಿಗೆಲ್ಲ ಹೀಗೆ ಆಗೇ ಆಗುತ್ತೆ ಅಂತಲೂ ಅಲ್ಲ.

ಪರೀಕ್ಷೆ ತಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅನ್ನುವವರು ಹಾಂಗ್‌ಕಾಂಗ್ ಕಡೆ ನೋಡಬೇಕು. ಅಲ್ಲಿ 2008ರಲ್ಲಿ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿದರು. ಕಾರ್ಬಮಜೆಪಿನ್‌ನಿಂದ ಆಗುತ್ತಿದ್ದ ಪ್ರಕರಣಗಳು ನಿಂತವು. ಆದರೆ ಪರೀಕ್ಷೆಯ ರಗಳೆಯೇ ಬೇಡ ಅಂತ ವೈದ್ಯರು ಫೆನಿಟಾಯಿನ್ ಮುಂತಾದ ಬೇರೆ ಮಾತ್ರೆ ಬರೆಯತೊಡಗಿದರು. ಫೆನಿಟಾಯಿನ್‌ನಿಂದ ಅದೇ ಚರ್ಮ ಸುಲಿಯುವ ರೋಗ ಹೆಚ್ಚಾಯಿತು. ಒಟ್ಟು ಲೆಕ್ಕ ಇಳಿಯಲೇ ಇಲ್ಲ. ಕಾಗದದ ಮೇಲೆ ನಿಯಮ ಬರೆದು, ಫಲಿತಾಂಶ ಬೇಗ ಸಿಗುವ ಏರ್ಪಾಡು, ವೈದ್ಯನಿಗೆ ತಿಳುವಳಿಕೆ, ರೋಗಿಗೆ ಬದಲಿ ಔಷಧ ಇಲ್ಲದಿದ್ದರೆ ಆಗೋದು ಇದೇ. ನಮ್ಮ ಸರ್ಕಾರಗಳ ಕಾನೂನುಗಳನ್ನು ಕಂಡವರಿಗೆ ಇದು ಹೊಸದಲ್ಲ.

3

ಇನ್ನು ಜೊಳ್ಳು. ಹತ್ತಾರು ಜೀನುಗಳನ್ನು ಒಟ್ಟಿಗೆ ಓದಿ, ಖಿನ್ನತೆಯ ಮಾತ್ರೆಗಳನ್ನೆಲ್ಲ ಹಸಿರು, ಹಳದಿ, ಕೆಂಪು ಅಂತ ವಿಂಗಡಿಸಿ ಕೈಗಿಡುವ ಪರೀಕ್ಷೆಗಳಿವೆ. ಬಣ್ಣದ ಪಟ್ಟಿ ನೋಡೋದಕ್ಕೆ ಚೆಂದ. ಕೆಲಸ ಮಾಡುತ್ತಾ?

ಇಂಥ ಪರೀಕ್ಷೆ ಮಾರುವ ಕಂಪನಿಯ ದುಡ್ಡಿನಲ್ಲೇ ಅಮೆರಿಕದಲ್ಲಿ ದೊಡ್ಡ ಪ್ರಯೋಗ ನಡೆಯಿತು. 2019ರಲ್ಲಿ ಫಲಿತಾಂಶ ಬಂತು. 1,167 ರೋಗಿಗಳು. ಎಂಟು ವಾರದಲ್ಲಿ ರೋಗಲಕ್ಷಣ ಎಷ್ಟು ಇಳಿಯಿತು ಅನ್ನೋದೇ ಅವರು ಮೊದಲೇ ಇಟ್ಟುಕೊಂಡ ಮುಖ್ಯ ಅಳತೆ. ಪರೀಕ್ಷೆ ನೋಡಿ ಮಾತ್ರೆ ಕೊಟ್ಟವರಲ್ಲಿ ನೂರಕ್ಕೆ 27.2ರಷ್ಟು ಇಳಿಯಿತು, ಎಂದಿನಂತೆ ಕೊಟ್ಟವರಲ್ಲಿ 24.4ರಷ್ಟು. ಈ ಅಂತರ ಲೆಕ್ಕಶಾಸ್ತ್ರದಲ್ಲಿ ನಿಲ್ಲಲಿಲ್ಲ. ಪೂರ್ತಿ ಗುಣವಾದವರನ್ನು ಎಣಿಸಿದರೆ 15.3 ಮತ್ತು 10.1; ಅದು ನಿಂತಿತು. 2022ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,944 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಗುಣವಾದವರಲ್ಲಿ ವ್ಯತ್ಯಾಸ 24 ವಾರಗಳ ಒಟ್ಟು ಲೆಕ್ಕದಲ್ಲಿ ನೂರಕ್ಕೆ 3ನ್ನೂ ಮುಟ್ಟಲಿಲ್ಲ. 24ನೇ ವಾರಕ್ಕೆ ಬರುವ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಪೂರ್ತಿ ಸೊನ್ನೆ ಅಂತ ನಾವು ಹೇಳೋದಿಲ್ಲ. ಆದರೆ ಮಾರುವವನ ಬಾಯಲ್ಲಿ ಕೇಳಿದ ಪವಾಡ ಇಲ್ಲಿಲ್ಲ. ಮಾತ್ರೆ ಹೀಗೇ ಕೆಲಸ ಮಾಡುತ್ತೆ ಅಂತ ಜೀನ್ ನೋಡಿ ಭವಿಷ್ಯ ಹೇಳುವ, ಆಧಾರವಿಲ್ಲದ ಪರೀಕ್ಷೆಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2018ರಲ್ಲಿ ಎಚ್ಚರಿಸಿತು. ಅದರಲ್ಲಿ ಖಿನ್ನತೆಯ ಮಾತ್ರೆಗಳ ಹೆಸರೂ ಇತ್ತು.

ಕೆಲವು ಪಟ್ಟಿಗಳಲ್ಲಿ ಸೆರೊಟೋನಿನ್ ಸಾಗಿಸುವ ಜೀನೂ ಸೇರಿರುತ್ತದೆ. ಅದರ ಕತೆ ಕೇಳಬೇಕಾದ್ದು. 2003ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಬೆಳೆದ ಮಕ್ಕಳ ಅಧ್ಯಯನವೊಂದು, ಬದುಕಿನ ಹೊಡೆತ ಬಿದ್ದಾಗ ಈ ಜೀನಿನ ಒಂದು ರೂಪ ಇದ್ದವರು ಹೆಚ್ಚಾಗಿ ಖಿನ್ನತೆಗೆ ಬೀಳುತ್ತಾರೆ ಎಂದಿತು. ಪ್ರಪಂಚವೆಲ್ಲ ಕುಣಿಯಿತು. ದುಃಖದ ಜೀನು ಸಿಕ್ಕಿತು ಅಂತ ಪತ್ರಿಕೆಗಳು ಬರೆದವು. 2009ರಲ್ಲಿ 14 ಅಧ್ಯಯನಗಳ 14 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಸೇರಿಸಿ ನೋಡಿದಾಗ ಜೀನಿನ ಪ್ರಭಾವ ಕಾಣಲೇ ಇಲ್ಲ. ಕಂಡದ್ದು ಏನು ಗೊತ್ತೇ? ಬದುಕಿನ ಹೊಡೆತಗಳು ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು ಅನ್ನೋದು. ಆ ಲೆಕ್ಕದಲ್ಲಿ ಜೀನು ಬಿದ್ದುಹೋಯಿತು, ಹೊಡೆತ ಉಳಿಯಿತು. 2019ರಲ್ಲಿ ಖಿನ್ನತೆಯ ಹೆಸರಾಂತ 18 ಜೀನುಗಳನ್ನು ಒರೆಗೆ ಹಚ್ಚಿದಾಗ ಅವು ಕಣ್ಣುಮುಚ್ಚಿ ಆರಿಸಿದ ಜೀನುಗಳಿಗಿಂತ ಮೇಲೇನೂ ಇರಲಿಲ್ಲ. 2023ರ ತಜ್ಞರ ಮಾರ್ಗಸೂಚಿ ಈ ಸೆರೊಟೋನಿನ್ ಜೀನನ್ನು ನೋಡಿ ಮಾತ್ರೆ ಬರೆಯಲು ಸಾಕಷ್ಟು ಆಧಾರ ಇಲ್ಲ ಎಂದಿತು.

ಸಾಲ, ಹಸಿವು, ಅವಮಾನ, ಗಂಡನ ಹೊಡೆತ, ಬಹಿಷ್ಕಾರ. ಇವು ಬದುಕಿನ ಹೊಡೆತಗಳು. ಇವನ್ನು ಅಳೆಯಲು ಎಂಜಲು ಬೇಕಾಗಿಲ್ಲ. ಹಾಗಂತ ಮನೋರೋಗವೆಲ್ಲ ಬಡತನದ ಇನ್ನೊಂದು ಹೆಸರು, ಕ್ರಾಂತಿ ಆದರೆ ಹೋಗುತ್ತೆ ಅಂತ ಹೇಳುವ ನಮ್ಮವರ ಮಾತನ್ನೂ ನಾವು ಒಪ್ಪೋದಿಲ್ಲ. ಸ್ಕಿಜೊಫ್ರೇನಿಯಾ ಗೌಡನ ಮನೆಯಲ್ಲೂ ಇದೆ, ಕೇರಿಯಲ್ಲೂ ಇದೆ. ಕೇರಿಯವನಿಗೆ ಮಾತ್ರೆಯ ಬದಲು ಭಾಷಣ ಕೊಡೋದು ಕ್ರೌರ್ಯ.

4

ಜೀನಿಗೆ ಕಾಣದ ಸಂಗತಿಗಳು ಬೇಕಾದಷ್ಟಿವೆ. ದುಡಿಯುವ ಮೈ ಅದರಲ್ಲಿ ಮೊದಲನೆಯದು.

ಬೀಡಿಯನ್ನೇ ತೆಗೆದುಕೊಳ್ಳಿ. ಕ್ಲೋಜಪಿನ್, ಒಲಾಂಜಪಿನ್ ಎಂಬ ಮಾತ್ರೆಗಳನ್ನು ಮುರಿಯುವ ಕಿಣ್ವವನ್ನು ಹೊಗೆ ಚುರುಕು ಮಾಡುತ್ತದೆ. ಬೀಡಿ ಸೇದುವವನ ರಕ್ತದಲ್ಲಿ ಔಷಧ ಕಡಿಮೆಯಾಗುತ್ತದೆ. ಅವನನ್ನು ಆಸ್ಪತ್ರೆಗೆ ಸೇರಿಸಿ ಬೀಡಿ ಕಿತ್ತುಕೊಂಡರೆ, ಅದೇ ಮಾತ್ರೆ ಅದೇ ಪ್ರಮಾಣದಲ್ಲಿ ಕೆಲವೇ ದಿನಗಳಲ್ಲಿ ಅತಿಯಾಗುತ್ತದೆ. ಅವನ ಜೀನು ಬದಲಾಗಲಿಲ್ಲ, ಬೀಡಿ ಬದಲಾಯಿತು. ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಸಿವೈಪಿ2ಡಿ6 ಕಿಣ್ವದ ಕೈಯನ್ನೇ ಕಟ್ಟಿಹಾಕುತ್ತದೆ. ಹುಟ್ಟಿನಿಂದ ಸರಿಯಿದ್ದವನೂ ಆ ಮಾತ್ರೆಯ ಕಾಲಕ್ಕೆ ಕಿಣ್ವ ಇಲ್ಲದವನಂತಾಗುತ್ತಾನೆ. ಸೇದೋದೇನು, ಬೇರೆ ಮಾತ್ರೆ ಏನು ಅಂತ ಕೂರಿಸಿಕೊಂಡು ಕೇಳುವ ವೈದ್ಯನಿಗೆ ಇದೆಲ್ಲ ಪುಕ್ಕಟೆ ಗೊತ್ತಾಗುತ್ತದೆ. ಎರಡು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವವನಿಗೆ ಜೀನಿನ ವರದಿ ಕೊಟ್ಟರೂ ಗೊತ್ತಾಗುವುದಿಲ್ಲ.

ಇನ್ನು ಲಿಥಿಯಂ. ಉನ್ಮಾದ-ಖಿನ್ನತೆಯ ಕಾಯಿಲೆಗೆ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಕಂಡುಕೊಂಡದ್ದು. ಇದೊಂದು ಬರೀ ಲವಣ. ಯಾವ ಕಂಪನಿಯೂ ಇದರಿಂದ ಕೋಟ್ಯಧಿಪತಿ ಆಗಲಾರದು. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಔಷಧ, 1.5 ದಾಟಿದರೆ ವಿಷ. ಬಿಸಿಲಲ್ಲಿ ದಿನವಿಡೀ ಬೆವರು ಸುರಿಸಿ, ನೀರು ಕುಡಿಯದೆ ಕಬ್ಬು ಕಡಿಯುವವನ ಮೈಯಲ್ಲಿ ಇದು ಏರುತ್ತದೆ. ಸಂಜೆ ಮೈಕೈ ನೋವಿಗೆ ಅಂಗಡಿಯಲ್ಲಿ ಕೊಂಡು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಮಾತ್ರೆಯಿಂದ ಇನ್ನೂ ಏರುತ್ತದೆ. ವಾಂತಿಭೇದಿ ಆದರಂತೂ ಹೇಳೋದೇ ಬೇಡ. ಕ್ಲೋರ್‌ಪ್ರೊಮಜಿನ್ ನುಂಗಿದವನ ಚರ್ಮ ಬಿಸಿಲಿಗೆ ಸುಡುತ್ತದೆ, ಸೆಕೆ ತಾಳುವ ಶಕ್ತಿ ಕುಂದುತ್ತದೆ. ನೆರಳಲ್ಲಿ ಕೂತು ಬದುಕುವವನಿಗೆ ಬರೆದ ಮಾತ್ರೆಯೂ ಬಿಸಿಲಲ್ಲಿ ದುಡಿಯುವವನಿಗೆ ಬರೆದ ಮಾತ್ರೆಯೂ ಒಂದೇ ಹೆಸರಿನದಾದರೂ ಒಂದೇ ಔಷಧವಲ್ಲ.

ಲಿಥಿಯಂ ಪ್ರಮಾಣ ನೋಡುವ ರಕ್ತಪರೀಕ್ಷೆ ಹಳೆಯದು, ಅಗ್ಗದ್ದು, ಅನುಮಾನವಿಲ್ಲದೆ ಪ್ರಾಣ ಉಳಿಸುವಂಥದ್ದು. ಕ್ಲೋಜಪಿನ್‌ಗೆ ಬಿಳಿರಕ್ತಕಣ ಎಣಿಸುವುದೂ ಹಾಗೆಯೇ. ಮೊದಲ 18 ವಾರ ವಾರಕ್ಕೊಮ್ಮೆ ಎಣಿಸಬೇಕು ಅನ್ನೋದು ರೂಢಿಯ ನಿಯಮ. ಗೆಳೆಯರೇ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇವು ಸಿಗುತ್ತವಾ ಕೇಳಿ ನೋಡಿ. ಜೀನಿನ ಮಾತು ಆಮೇಲೆ ಆಡೋಣ.

ಹಾದಿ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. 1985ರಿಂದ 1990ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ನಾಲ್ಕಾರು ಅಗತ್ಯ ಮಾತ್ರೆಗಳನ್ನು ಹಳ್ಳಿಯ ಹತ್ತಿರಕ್ಕೇ ತಂದು ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಬಳ್ಳಾರಿಯ ಮಾದರಿಯ ಮೇಲೆ. ಅದಾಗಿ ಇಪ್ಪತ್ತು ವರ್ಷದ ಮೇಲೆ, 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೇನು? ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು, ಬೇರೆ ಬೇರೆ ಕಾಯಿಲೆಗಳಲ್ಲಿ, ನೂರಕ್ಕೆ 70ರಿಂದ 92. ಇವರಿಗೆ ತಪ್ಪು ಮಾತ್ರೆ ಸಿಗಲಿಲ್ಲ. ಮಾತ್ರೆಯೇ ಸಿಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿ ಬಿಗಿಸಿಕೊಂಡ ಮನೋರೋಗಿಗಳು ಬೆಂಕಿಯಲ್ಲಿ ಬೆಂದು 28 ಜನ ಸತ್ತರು. ಚಿಕಿತ್ಸೆ ಸಿಗದ ಕಡೆ ಸರಪಳಿ ಸಿಗುತ್ತದೆ.

2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ದಿನಗೂಲಿ 349 ರೂಪಾಯಿ ಇತ್ತು. ಬಣ್ಣದ ಪಟ್ಟಿಯ ಪರೀಕ್ಷೆಗೆ ಹತ್ತು ಸಾವಿರ ಅಂತ ಇಟ್ಟುಕೊಂಡರೆ, ಸುಮಾರು 29 ದಿನದ ಕೂಲಿ. ಅಷ್ಟು ಕೊಟ್ಟು ಹಸಿರು ಬಣ್ಣದಲ್ಲಿ ಬಂದ ಮಾತ್ರೆ ಊರ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಆ ಹಾಳೆಯನ್ನು ಏನು ಮಾಡೋದು?

5

ಈಗ ಜಾತಿಯ ಮಾತಿಗೆ ಬರೋಣ. ಬಂಡಾಯದವರು ಎಲ್ಲದಕ್ಕೂ ಜಾತಿ ತರ್ತಾರೆ ಅಂತ ಮೂಗು ಮುರಿಯುವವರಿಗೆ ಉತ್ತರ ಇಲ್ಲೇ ಇದೆ. ಇಲ್ಲಿ ಜಾತಿಯನ್ನು ತಂದವರು ನಾವಲ್ಲ, ಪ್ರಯೋಗಾಲಯವೇ ತಂದಿದೆ.

ಜಾತಿಯ ಜೀವಾಳ ಒಳಮದುವೆ ಎಂದು ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲೇ ತೋರಿಸಿದ್ದರು. ಆಗ ಅವರ ವಯಸ್ಸು 25. ಸುಮಾರು ನೂರು ವರ್ಷದ ಮೇಲೆ, 2013ರಲ್ಲಿ, ಭಾರತೀಯರ ಜೀನುಗಳನ್ನು ಓದಿದ ವಿಜ್ಞಾನಿಗಳು ಒಂದು ಲೆಕ್ಕ ಕೊಟ್ಟರು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಒಬ್ಬರೊಳಗೊಬ್ಬರು ಬೆರೆತಿದ್ದರು. ಆಮೇಲೆ ಬೆರೆಯುವುದು ನಿಂತು ಗುಂಪುಗುಂಪಾಗಿ ಬೇಲಿ ಬಿತ್ತು. ಅಂದರೆ ಬೇಲಿ ಅನಾದಿಯಲ್ಲ. ಹಾಕಿದ್ದು. ಜೀನಿನ ವಿಜ್ಞಾನ ಇಲ್ಲಿ ಮನುವಿನ ಕಡೆ ನಿಲ್ಲಲಿಲ್ಲ, ಅಂಬೇಡ್ಕರ್ ಕಡೆ ನಿಂತಿತು.

ಆ ಬೇಲಿಯ ಫಲ ಆಪರೇಷನ್ ಟೇಬಲ್ಲಿನ ಮೇಲೂ ಕಾಣುತ್ತದೆ. ಸಕ್ಸಿನೈಲ್‌ಕೋಲಿನ್ ಅಂತ ಸ್ನಾಯು ಸಡಿಲಿಸುವ ಔಷಧ ಇದೆ. ಮನೋರೋಗಿಗೆ ವಿದ್ಯುತ್ ಚಿಕಿತ್ಸೆ ಕೊಡುವಾಗ ಮೂಳೆ ಮುರಿಯದಿರಲಿ ಅಂತ ಕೊಡುತ್ತಾರೆ. ಅರಿವಳಿಕೆ, ಸ್ನಾಯು ಸಡಿಲಿಕೆ ಇಲ್ಲದೆ ಆ ಚಿಕಿತ್ಸೆ ಕೊಡೋದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸಾಮಾನ್ಯವಾಗಿ ಈ ಔಷಧದ ಪ್ರಭಾವ ಕೆಲವೇ ನಿಮಿಷ. ಆದರೆ ಅದನ್ನು ಮುರಿಯುವ ಕಿಣ್ವ ಇಲ್ಲದವರು ಗಂಟೆಗಟ್ಟಲೆ ತಾವಾಗಿ ಉಸಿರಾಡಲಾರರು. ಯಂತ್ರದ ಉಸಿರು ಕೊಡಬೇಕು. ಈ ಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಬಹಳ ಹೆಚ್ಚು. 2006ರಲ್ಲಿ ಅದರ ಜೀನಿನ ಕಾರಣವೂ ಪ್ರಕಟವಾಯಿತು. ಆಂಧ್ರ, ತೆಲಂಗಾಣ, ಕರ್ನಾಟಕ, ತಮಿಳುನಾಡಿನಲ್ಲಿ ಹರಡಿರುವ, ತಮ್ಮೊಳಗೇ ಮದುವೆಯಾಗುತ್ತ ಬಂದ ಸಮುದಾಯ ಅದು. ಜಾತಿಯ ಬೇಲಿ ಒಳಗಿದ್ದವರನ್ನೂ ಬಿಡುವುದಿಲ್ಲ ಅನ್ನೋದಕ್ಕೆ ಇದು ಸಾಕ್ಷಿ. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳ ಜೀನು ನೋಡಿದಾಗ 81ರಲ್ಲಿ ಇಂಥ ಬಿಗಿಯಾದ ಒಳಮದುವೆಯ ಗುರುತು ಕಂಡಿತು. ಅದು ಮೇಲುಜಾತಿಗೂ ಇದೆ, ಕೆಳಜಾತಿಗೂ ಇದೆ, ಆದಿವಾಸಿಗೂ ಇದೆ.

ಅಪಾಯ ಇರೋದೂ ಇಲ್ಲೇ. ಪರೀಕ್ಷೆ ದುಬಾರಿ ಅಂತ ವೈದ್ಯ 'ನೀನು ಯಾವ ಜಾತಿ?' ಅಂತ ಕೇಳಿ ಮಾತ್ರೆ ಬರೆಯತೊಡಗಿದರೆ? ಶಾಲೆಯಲ್ಲಿ, ಬಾಡಿಗೆ ಮನೆಯಲ್ಲಿ ಕೇಳುವ ಪ್ರಶ್ನೆಯೇ ದವಾಖಾನೆಗೂ ಬಂದ ಹಾಗೆ. ಒಂದು ಜಾತಿಯಲ್ಲಿ ಒಂದು ಜೀನು ಹೆಚ್ಚಿದೆ ಅಂದರೆ ಆ ಜಾತಿಯವರಿಗೆಲ್ಲ ಇದೆ ಅಂತಲ್ಲ, ಬೇರೆಯವರಿಗೆ ಇಲ್ಲ ಅಂತಲೂ ಅಲ್ಲ. ಜಾತಿ ನೋಡಿ ಊಹೆ ಮಾಡೋದು ಕೆಟ್ಟ ರಾಜಕೀಯ. ಕೆಟ್ಟ ವಿಜ್ಞಾನವೂ ಹೌದು. ಓದಬೇಕಾದ್ದು ವ್ಯಕ್ತಿಯ ಜೀನನ್ನು. ಅವನ ಸರ್ಟಿಫಿಕೇಟನ್ನಲ್ಲ. ಆದ್ದರಿಂದಲೇ ಪರೀಕ್ಷೆ ಅಗ್ಗವಾಗಬೇಕು ಅಂತ ನಾವು ಒತ್ತಾಯಿಸುವುದು. ಪರೀಕ್ಷೆ ಉಳ್ಳವನಿಗೆ, ಜಾತಿಯ ಊಹೆ ಇಲ್ಲದವನಿಗೆ ಅಂತ ಆಗಬಾರದು.

6

ಯಾರ ಮೈಯಿಂದ ಈ ಜ್ಞಾನ ಬಂತು? ಔಷಧ ಮತ್ತು ಜೀನಿನ ಸಂಬಂಧ ತೋರಿಸಿದ ಮೊದಲ ದೊಡ್ಡ ಸಂಶೋಧನೆಗಳಲ್ಲಿ ಒಂದು ಮಲೇರಿಯಾದ ಪ್ರಿಮಾಕ್ವಿನ್‌ನದು. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನ ಕೈದಿಗಳಿಗೆ 1940ರ ದಶಕದಿಂದ ಮಲೇರಿಯಾ ಅಂಟಿಸಿ ಔಷಧಗಳ ಪ್ರಯೋಗ ಮಾಡಿದರು. ಪ್ರಿಮಾಕ್ವಿನ್ ಕೊಟ್ಟಾಗ ರಕ್ತಕಣ ಒಡೆದು ನರಳಿದವರಲ್ಲಿ ಹೆಚ್ಚಿನವರು ಕರಿಯ ಕೈದಿಗಳು. ಅದಕ್ಕೆ ಕಾರಣ ಒಂದು ಕಿಣ್ವದ ಕೊರತೆ ಅಂತ 1956ರಲ್ಲಿ ಪ್ರಕಟವಾಯಿತು. ಜ್ಞಾನ ನಿಜ. ಆದರೆ ಅದರ ಬೆಲೆ ಕೊಟ್ಟವರು ಜೈಲಿನಲ್ಲಿದ್ದ ಕರಿಯರು.

ಆಮೇಲೆ ಜೀನಿನ ದೊಡ್ಡ ಭಂಡಾರ ಕಟ್ಟುವಾಗ ಅವರು ನೆನಪಾದರೇ? ರೋಗ-ಜೀನು ಸಂಬಂಧ ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ 2016ರ ಹೊತ್ತಿಗೂ ನೂರಕ್ಕೆ 81 ಜನ ಯುರೋಪ್ ಮೂಲದವರು. ಉಳಿದ ಪ್ರಪಂಚವೆಲ್ಲ ಮಿಕ್ಕ 19ರಲ್ಲಿ. ಬಿಳಿಯರ ಜೀನು ಓದಿ ಮಾಡಿದ ಪಟ್ಟಿಯನ್ನು ರಾಯಚೂರಿನ ಕೂಲಿಯವಳಿಗೆ ಮಾರಿದರೆ ಅದು ಅವಳ ಜಾತಕವೂ ಅಲ್ಲ. ಈ ದೃಷ್ಟಿಯಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯನ್ನು ನಾವು ಸ್ವಾಗತಿಸುತ್ತೇವೆ. ದೇಶದ ಹಲವು ಸಮುದಾಯಗಳ ಸುಮಾರು 10 ಸಾವಿರ ಜನರ ಜೀನಿನ ದಾಖಲೆ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ನಮ್ಮ ಎಂಜಲು ಮೈಲಿಗೆ ಅಂದ ದೇಶಕ್ಕೆ ಈಗ ನಮ್ಮ ಎಂಜಲು ಬೇಕಾಗಿದೆ. ಕೊಡೋಣ. ಆದರೆ ಕೊಡುವ ಮುಂಚೆ ಕರಾರು ಇರಲಿ. ಅದರಿಂದ ಹುಟ್ಟುವ ಪರೀಕ್ಷೆ, ಔಷಧ ಕೊಟ್ಟವರ ಕೇರಿಗೆ, ಹಾಡಿಗೆ ವಾಪಸ್ ಬರಬೇಕು.

ಕಾನೂನಿನ ಮಾತೂ ಇದೆ. ಜೀನಿನ ವರದಿ ನೋಡಿ ಕೆಲಸ, ಆರೋಗ್ಯ ವಿಮೆ ನಿರಾಕರಿಸಬಾರದು ಅಂತ ಅಮೆರಿಕ 2008ರಲ್ಲೇ ಕಾಯ್ದೆ ಮಾಡಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. 'ಹುಚ್ಚ' ಎಂಬ ಒಂದು ಹಣೆಪಟ್ಟಿಯೇ ಮದುವೆ, ಕೆಲಸ, ಆಸ್ತಿ ಎಲ್ಲ ಕಿತ್ತುಕೊಳ್ಳುವ ಊರಲ್ಲಿ 'ಕೆಟ್ಟ ಜೀನು' ಎಂಬ ಇನ್ನೊಂದು ಪಟ್ಟಿ ಸೇರಿದರೆ ಗತಿ ಏನು? ಅದೂ ಹೆಣ್ಣುಮಗಳಾದರೆ?

7

ಇಷ್ಟಾದ ಮೇಲೆ ನಾವು ಬೀದಿಗೆ ಒಯ್ಯಬೇಕಾದ ಬೇಡಿಕೆಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

ಕಾರ್ಬಮಜೆಪಿನ್ ಬರೆಯುವ ಮುಂಚೆ ಮಾಡುವ ಎಚ್‌ಎಲ್‌ಎ-ಬಿ 15:02 ಪರೀಕ್ಷೆಯನ್ನು ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜುಗಳ ಮೂಲಕ ಪುಕ್ಕಟೆ ಮಾಡಬೇಕು. ತೈಲ್ಯಾಂಡಿಗೆ ಸಾಧ್ಯವಾದದ್ದು ನಮಗೆ ಯಾಕೆ ಸಾಧ್ಯವಿಲ್ಲ? ಕುಡುಗೋಲು ಕಣ ರಕ್ತರೋಗಕ್ಕೆ 7 ಕೋಟಿ ಜನರನ್ನು ಪರೀಕ್ಷಿಸುತ್ತೇವೆ ಅಂತ 2023ರಲ್ಲಿ ಸರ್ಕಾರವೇ ಹೊರಟಿತಲ್ಲ! ಮನಸ್ಸು ಮಾಡಿದರೆ ಆಗುತ್ತದೆ. ಫಲಿತಾಂಶ ದಿನಗಳಲ್ಲಿ ಬರಬೇಕು, ತಿಂಗಳಲ್ಲಲ್ಲ. ಬರುವತನಕ ರೋಗಿಗೆ ಬದಲಿ ಔಷಧ ಇರಬೇಕು.

ಲಿಥಿಯಂ ಪ್ರಮಾಣ, ರಕ್ತಕಣ, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ ತಾಲ್ಲೂಕಿಗೇ ಬರಬೇಕು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಯಾವಾಗಲೂ, ಉಚಿತವಾಗಿ ಕೊಡಬೇಕು ಅಂತ 2017ರ ಕಾಯ್ದೆಯ 18ನೇ ಕಲಮು ಹೇಳುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು. 'ಸ್ಟಾಕ್ ಇಲ್ಲ' ಅಂತ ಬೋರ್ಡು ಹಾಕುವ ಅಧಿಕಾರಿಯ ಮುಂದೆ ಆ ಕಲಮು ಹಿಡಿದು ನಿಲ್ಲಬೇಕಾದವರು ನಾವು. ಊರಿನ ಮೇಷ್ಟರು ಒಂದು ಅರ್ಜಿ ಬರೆದುಕೊಟ್ಟರೆ ಅದು ಒಂದು ಕವಿತೆಗಿಂತ ದೊಡ್ಡ ಕೆಲಸ.

ಬಣ್ಣದ ಪಟ್ಟಿಯ ಪರೀಕ್ಷೆಗೆ ಸಾರ್ವಜನಿಕರ ದುಡ್ಡು ಒಂದು ಪೈಸೆಯೂ ಹೋಗಬಾರದು; ನಮ್ಮ ಜನರ ಮೇಲೆ, ನಮ್ಮ ದೇಶದಲ್ಲಿ ಅದು ಕೆಲಸ ಮಾಡುತ್ತೆ ಅಂತ ಸಾಬೀತಾಗುವತನಕ. ಯಾವ ಪರೀಕ್ಷೆಯೇ ಆಗಲಿ, ಒಪ್ಪಿಗೆಪತ್ರವೂ ಫಲಿತಾಂಶವೂ ಕನ್ನಡದಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಜೀನಿನ ವರದಿಯಿಂದ ಯಾರ ಅನ್ನಕ್ಕೂ ಕಲ್ಲು ಬೀಳದ ಹಾಗೆ ಕಾನೂನು ಬರಬೇಕು.

ಹುಟ್ಟನ್ನು ಓದುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಯಾರನ್ನೋ ಕೆಳಗೆ ತಳ್ಳಲು ಹುಟ್ಟನ್ನು ಓದುವುದು ಬೇರೆ. ಒಬ್ಬಳ ಚರ್ಮ ಸುಲಿಯದಿರಲಿ ಅಂತ ಅವಳ ಒಪ್ಪಿಗೆ ಕೇಳಿ ಓದುವುದು ಬೇರೆ. ಮೊದಲನೆಯದನ್ನು ಸುಡಬೇಕು. ಎರಡನೆಯದನ್ನು ಕಸಿದುಕೊಂಡಾದರೂ ಕೇರಿಗೆ ತರಬೇಕು.